ಕೋಸ್ಟಾ ರಿಕಾ, ಪೋರ್ಟೊ ರಿಕೊ: ಸ್ಪ್ಯಾನಿಷ್ ಲಿಂಗಕ್ಕೊಂದು ಸ್ಪ್ರೆಡ್‌ಶೀಟ್ ಕಟ್ಟಿದ್ದು

ಒಂದು ಕಾಲಂನಲ್ಲಿ ಸ್ಪ್ಯಾನಿಷ್ ನಾಮಪದ ಹಾಕಬೇಕು. ಪಕ್ಕದಲ್ಲಿ ಒಂದು ಗುಣವಾಚಕ. ಮೂರನೇ ಕಾಲಂನಲ್ಲಿ ಎರಡೂ ಸರಿಯಾದ ರೂಪದಲ್ಲಿ ಜೋಡಿಯಾಗಿ ಬರಬೇಕು. ಶೀಟ್ ಮಾಡಬೇಕಾದ ಕೆಲಸ ಇಷ್ಟೇ. ಭಾಷೆ ಕಲಿಸೋ ಆ್ಯಪ್‌ಗಳು ಬೇಕಾದಷ್ಟಿವೆ, ಇಲ್ಲ ಅನ್ನುವುದಿಲ್ಲ. ಆದರೆ ಆ್ಯಪ್ ತಪ್ಪು, ಸರಿ ಅಂತ ಹೇಳಿ ಮುಂದೆ ಹೋಗುತ್ತದೆ, ಯಾಕೆ ಅಂತ ಹೇಳುವುದಿಲ್ಲ. ಶೀಟ್ ಹಾಗಲ್ಲ. ನಿಯಮವನ್ನು ನಾವೇ ಬರೆದು ಕೊಡಬೇಕು. ಅದು ಎಲ್ಲಿ ನಿಲ್ಲುತ್ತದೆ, ಎಲ್ಲಿ ಮುಗ್ಗರಿಸುತ್ತದೆ ಅನ್ನೋದು ಆಗ ಕಣ್ಣೆದುರಿಗೇ ಬರುತ್ತದೆ.

ಬರವಣಿಗೆ ಬಗ್ಗೆ ಒಂದು ಮಾತು. ಶೀಟ್‌ನಲ್ಲಿ ಪದಗಳು ರೋಮನ್ ಲಿಪಿಯಲ್ಲೇ ಇವೆ. ಇಲ್ಲಿ ಕನ್ನಡದಲ್ಲಿ ಬರೆಯುವಾಗ ಒತ್ತು ಬೀಳುವ ಸ್ವರವನ್ನು ದೀರ್ಘ ಮಾಡಿದ್ದೇನೆ: ಲೀಬ್ರೊ ಅಂದರೆ ಪುಸ್ತಕ, ಕಾಸ ಅಂದರೆ ಮನೆ. ಸ್ಪ್ಯಾನಿಷಿನ ಟಿ, ಡಿ ಅಕ್ಷರಗಳ ಸದ್ದು ನಮ್ಮ ತ, ದ ಹತ್ತಿರದ್ದು, ಅದಕ್ಕೇ ಹಾಗೆ ಬರೆದಿದ್ದೇನೆ. ಉಚ್ಚಾರ ಲ್ಯಾಟಿನ್ ಅಮೆರಿಕದ್ದು. ಊರಿನ ಹೆಸರುಗಳನ್ನು ಮಾತ್ರ ನಾವು ಹೇಳುವ ಹಾಗೆಯೇ ಬಿಟ್ಟಿದ್ದೇನೆ.

ಪರೀಕ್ಷೆಗೆ ನಕಾಶೆ

ಯಾವ ಶೀಟ್ ಕಟ್ಟಿದರೂ ಉತ್ತರ ಮೊದಲೇ ಗೊತ್ತಿರುವ ಒಂದಷ್ಟು ಲೆಕ್ಕ ಕೈಯಲ್ಲಿರಬೇಕು. ಇಲ್ಲದಿದ್ದರೆ ಅದು ಸರಿ ಹೇಳುತ್ತಿದೆಯೋ ಸುಳ್ಳು ಹೇಳುತ್ತಿದೆಯೋ ತಿಳಿಯುವುದು ಹೇಗೆ? ನಾನಿರುವುದು ಕ್ಯಾಲಿಫೋರ್ನಿಯಾದ ಸಾಂತಾ ಕ್ಲಾರಾ ಕಡೆ. ಇಲ್ಲಿ ಕನ್ನಡದವರಿಗೇನೂ ಬರವಿಲ್ಲ, ಸ್ಪ್ಯಾನಿಷ್ ಹೆಸರಿಗಂತೂ ಇಲ್ಲವೇ ಇಲ್ಲ. 1848ರವರೆಗೆ ಇದು ಮೆಕ್ಸಿಕೋದ ನೆಲ, ಅದಕ್ಕೂ ಮುಂಚೆ ಸ್ಪೇನಿನದು. ಪಾಲೊ ಆಲ್ಟೊ, ಲೋಸ್ ಗ್ಯಾಟೋಸ್, ಸ್ಯಾನ್ ಹೋಸೆ, ಎಲ್ ಕಮೀನೊ ರಿಯಲ್ ಅಂತ ದಿನಕ್ಕೆ ಎಷ್ಟೋ ಸಲ ಹೇಳುತ್ತೇವೆ. ಇವೆಲ್ಲ ವ್ಯಾಕರಣಕ್ಕೆ ಸರಿಯಾಗಿ ಕೂತ ಜೋಡಿಗಳು. ಯಾರೋ ಮೊದಲೇ ಬಿಡಿಸಿಟ್ಟ ಲೆಕ್ಕ ಅಂತಿಟ್ಟುಕೊಳ್ಳಿ.

ಹಾಗಾಗಿ ಪರೀಕ್ಷೆಯ ಪಟ್ಟಿಯನ್ನು ನಕಾಶೆಯಿಂದಲೇ ತೆಗೆದೆ. ನಾವಿರುವ ಬೇ ಏರಿಯಾಗೆ ನಿಲ್ಲಿಸಲಿಲ್ಲ. ಕೋಸ್ಟಾ ರಿಕಾ ಅಂದರೆ ಶ್ರೀಮಂತ ಕರಾವಳಿ. ಪೋರ್ಟೊ ರಿಕೊ ಅಂದರೆ ಶ್ರೀಮಂತ ಬಂದರು. ಎರಡರಲ್ಲೂ ಇರುವುದು ಒಂದೇ ಗುಣವಾಚಕ, ರೀಕೊ. ಕರಾವಳಿ, ಅಂದರೆ ಕೋಸ್ತ, ಸ್ತ್ರೀಲಿಂಗ. ಅದಕ್ಕೆ ರೀಕ. ಬಂದರು, ಅಂದರೆ ಪ್ವೇರ್ತೊ, ಪುಲ್ಲಿಂಗ. ಅದಕ್ಕೆ ರೀಕೊ. ಇದರ ಜೊತೆಗೆ ಬ್ಯೂನಸ್ ಐರಿಸ್, ಲಾಸ್ ಕ್ರೂಸಸ್, ಸಾಂತಾ ಕ್ರೂಜ್, ಮೇಸಾ ವರ್ಡೆ, ಕಾಸಾ ಗ್ರಾಂಡೆ, ರಿಯೊ ಗ್ರಾಂಡೆ, ಮ್ಯಾಡ್ರಿಡ್‌ನ ಗ್ರಾನ್ ವೀಯಾ ರಸ್ತೆ, ಅರಿಜೋನಾದ ಆಗ್ವಾ ಫ್ರೀಯಾ ನದಿ.

ನಕಾಶೆಯಲ್ಲಿ ಸಿಗದ ಪದಕ್ಕೆ ರಾಯಲ್ ಸ್ಪ್ಯಾನಿಷ್ ಅಕಾಡೆಮಿಯ ನಿಘಂಟೇ ತೀರ್ಪುಗಾರ. ಅಕಾಡೆಮಿ ಶುರುವಾದದ್ದು 1713ರಲ್ಲಿ. ನಿಘಂಟು ಈಗ ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಪ್ರತಿ ನಾಮಪದದ ಪಕ್ಕ ಎಮ್ (ಪುಲ್ಲಿಂಗ) ಅಥವಾ ಎಫ್ (ಸ್ತ್ರೀಲಿಂಗ) ಅಂತ ಇರುತ್ತದೆ.

ಮೊದಲ ಆವೃತ್ತಿ: ಕೊನೆಯ ಒಂದು ಅಕ್ಷರ

ಪಾಠ ಶುರುವಾಗುವುದೇ ಇಲ್ಲಿಂದ ಅಲ್ವಾ? ಒ ಕಾರದಲ್ಲಿ ಮುಗಿದರೆ ಗಂಡು, ಅ ಕಾರದಲ್ಲಿ ಮುಗಿದರೆ ಹೆಣ್ಣು. ಎಲ್ ಲೀಬ್ರೊ, ಲಾ ಕಾಸ. ಎಲ್, ಲಾ ಅಂದರೆ ಇಂಗ್ಲಿಷಿನ ‘ದಿ’ ಇದ್ದ ಹಾಗೆ: ಗಂಡಿಗೆ ಎಲ್, ಹೆಣ್ಣಿಗೆ ಲಾ. ಎ ಕಾಲಂನಲ್ಲಿ ಪದ. ಬಿ ಕಾಲಂನಲ್ಲಿ ರೈಟ್ ಫಂಕ್ಷನ್ ಕೊನೆಯ ಅಕ್ಷರ ಕತ್ತರಿಸಿಕೊಳ್ಳುತ್ತದೆ. ಅದು ಒ ಆಗಿದ್ದರೆ ‘ಗಂ’, ಅ ಆಗಿದ್ದರೆ ‘ಹೆಂ’. ಎರಡೂ ಅಲ್ಲದಿದ್ದರೆ ‘ಗೊತ್ತಿಲ್ಲ’ ಅಂತ ಬರೆದು ಸೆಲ್ ಹಳದಿಯಾಗಬೇಕು.

ಈ ‘ಗೊತ್ತಿಲ್ಲ’ವನ್ನು ಬೇಕೆಂದೇ ಇಟ್ಟಿದ್ದು. ಸುಮ್ನೆ ಏನೋ ಒಂದು ಊಹೆ ಮಾಡಿ ಉತ್ತರ ಕೊಡುವ ಶೀಟ್‌ಗಿಂತ ಗೊತ್ತಿಲ್ಲ ಅನ್ನುವ ಶೀಟ್ ಮೇಲು. ಕಲಿಯುವವರಿಗೂ ಅಷ್ಟೇ. ಯಾವ ಪದವನ್ನು ಊಹಿಸಬಹುದು, ಯಾವುದನ್ನು ಬಾಯಿಪಾಠ ಮಾಡಲೇಬೇಕು ಅನ್ನೋದು ಬಣ್ಣದಲ್ಲೇ ಗೊತ್ತಾಗುತ್ತದೆ.

ಒ, ಅ ನಿಯಮ ಬಹಳಷ್ಟು ಪದಗಳಿಗೆ ಸಾಕು. ಬಿದ್ದುಹೋಗುವ ಕಡೆ ಮಾತ್ರ ದಿನಬಳಕೆಯ ಪದಗಳೇ ಸಿಗುತ್ತವೆ. ಕೈ ಅಂದರೆ ಮಾನೊ, ಒ ಕಾರ ಇದ್ದರೂ ಲಾ ಮಾನೊ. ಫೋತೊ, ಮೋತೊ ಕೂಡ ಸ್ತ್ರೀಲಿಂಗ, ಆದರೆ ಅದಕ್ಕೆ ಕಾರಣ ಇದೆ. ಅವು ಫೊತೊಗ್ರಫೀಯ, ಮೊತೊಸಿಕ್ಲೇತ ಎಂಬ ಉದ್ದ ಪದಗಳನ್ನು ಮೊಟಕು ಮಾಡಿದ್ದು. ಬಾಲ ಕತ್ತರಿಸಿದರೂ ಲಿಂಗ ಹಾಗೇ ಉಳಿದಿದೆ. ರಾದ್ಯೊ ಸ್ಪೇನಿನಲ್ಲಿ ಲಾ. ಮೆಕ್ಸಿಕೋ ಕಡೆಯವರು ಎಲ್ ರಾದ್ಯೊ ಅನ್ನುವುದೂ ಉಂಟು. ಆ ಸೆಲ್‌ಗೆ ಎರಡನ್ನೂ ಬರೆದು ಬಿಟ್ಟಿದ್ದೇನೆ.

ಆ ಕಡೆಯಿಂದ ದೀಯ (ದಿನ), ಮಾಪ, ಪ್ಲನೇತ. ಅ ಕಾರವಾದರೂ ಮೂರೂ ಎಲ್. ಬ್ವೇನೊಸ್ ದೀಯಸ್ ಅಂತ ಬೆಳಗ್ಗೆ ನಮಸ್ಕಾರ ಹೇಳುತ್ತಾರಲ್ಲ, ಬ್ವೇನಸ್ ಅನ್ನದೆ ಬ್ವೇನೊಸ್ ಅನ್ನುವುದು ಅದಕ್ಕೇ. ಸಂಜೆ ಆದರೆ ಬ್ವೇನಸ್ ತಾರ್ದೆಸ್, ರಾತ್ರಿ ಬ್ವೇನಸ್ ನೋಚೆಸ್. ತಾರ್ದೆ, ನೋಚೆ ಎರಡೂ ಹೆಣ್ಣು. ನಮಸ್ಕಾರದಲ್ಲೇ ಪಾಠದ ಅರ್ಧ ಮುಗಿಯುತ್ತದೆ.

‘ಮ’ದ ಗಲಾಟೆ

ಪ್ರೊಬ್ಲೇಮ, ಸಿಸ್ತೇಮ, ತೇಮ, ಪ್ರೊಗ್ರಾಮ, ಕ್ಲೀಮ, ಇದ್ಯೋಮ. ಎಲ್ಲ ಅ ಕಾರ, ಎಲ್ಲವೂ ಪುಲ್ಲಿಂಗ. ಗ್ರೀಕ್‌ನಿಂದ ಬಂದ ಪದಗಳಿವು. ಅಲ್ಲಿ ಇವು ನಪುಂಸಕ ಲಿಂಗ. ಸ್ಪ್ಯಾನಿಷ್ ನಾಮಪದಕ್ಕೆ ನಪುಂಸಕವೇ ಇಲ್ಲವಾದ್ದರಿಂದ ಗಂಡಿನ ಸಾಲಿಗೆ ಸೇರಿದವು. ‘ಮ ಅಂತ ಮುಗಿದರೆ ಗಂಡು’ ಅಂತ ಒಂದು ನಿಯಮ ಸೇರಿಸಿಬಿಡೋಣ ಅನ್ನಿಸುತ್ತದೆ. ಸೇರಿಸಿ ನೋಡಿದರೆ ಶೀಟ್ ತುಂಬ ಕೆಂಪು, ಅಂದರೆ ತಪ್ಪು. ಕಾಮ (ಮಂಚ), ಕ್ರೇಮ, ಫೋರ್ಮ, ಫೀರ್ಮ (ಸಹಿ), ಅಲಾರ್ಮ, ರಾಮ (ಕೊಂಬೆ), ಪ್ಲೂಮ (ಗರಿ) ಎಲ್ಲವೂ ಹೆಣ್ಣೇ. ಮನೆ, ತೋಟದ ಕಡೆಯ ಪದಗಳಲ್ಲಿ ಹೆಣ್ಣು ಜಾಸ್ತಿ, ಪುಸ್ತಕದ ಮಾತಿನ ಪದಗಳಲ್ಲಿ ಗಂಡು ಜಾಸ್ತಿ. ಆದರೆ ಫಾರ್ಮುಲಾಕ್ಕೆ ಮನೆ ಯಾವುದು, ಪುಸ್ತಕ ಯಾವುದು ಅಂತ ಹೇಗೆ ಗೊತ್ತಾಗಬೇಕು?

ಅದಕ್ಕೆ ಆ ನಿಯಮವನ್ನು ಕಿತ್ತು ಹಾಕಿ ‘ಹೊರತು’ ಅಂತ ಇನ್ನೊಂದು ಹಾಳೆ ಮಾಡಿದೆ. ಗ್ರೀಕ್ ಪದಗಳೆಲ್ಲ ಅಲ್ಲಿಗೆ. ಮಾನೊ, ದೀಯ, ಮಾಪ ಕೂಡ. ಸಿ ಕಾಲಂನಲ್ಲಿ ವಿಲುಕಪ್ (ಪಟ್ಟಿಯಲ್ಲಿ ಪದ ಹುಡುಕುವ ಫಂಕ್ಷನ್) ಆ ಹಾಳೆಯನ್ನು ನೋಡುತ್ತದೆ. ಅಲ್ಲಿ ಸಿಕ್ಕರೆ ಅದೇ ಉತ್ತರ, ಸಿಗದಿದ್ದರೆ ಮಾತ್ರ ಬಿ ಕಾಲಂನ ಊಹೆ. ಎರಡರಲ್ಲಿ ಗೆದ್ದದ್ದು ಡಿ ಕಾಲಂಗೆ ಬರುತ್ತದೆ. ವಿಲುಕಪ್‌ನ ಕೊನೆಯಲ್ಲಿ ಫಾಲ್ಸ್ ಅಂತ ಕೊಡುವುದನ್ನು ಬಿಡಬೇಡಿ. ಬಿಟ್ಟರೆ ಹತ್ತಿರದ ಯಾವುದೋ ಪದ ಹಿಡಿದು ಧೈರ್ಯವಾಗಿ ಸುಳ್ಳು ಹೇಳುತ್ತದೆ.

ಉದ್ದ ಬಾಲ ಮೊದಲು

ಹಳದಿ ಸೆಲ್‌ಗಳನ್ನು ಕಮ್ಮಿ ಮಾಡುವುದು ಮುಂದಿನ ಕೆಲಸ. ಇಲ್ಲಿ ಖುಷಿಯ ಸುದ್ದಿ ಇದೆ. ಕೆಲವು ಉದ್ದ ಬಾಲಗಳು ಒಂದಕ್ಷರದ ಬಾಲಕ್ಕಿಂತ ಗಟ್ಟಿ. ಸ್ಯುದಾದ್ (ನಗರ), ಲಿಬೆರ್ತಾದ್ (ಸ್ವಾತಂತ್ರ್ಯ), ಹುಬೆನ್ತೂದ್ (ಯೌವನ): ದಾದ್, ತಾದ್, ತೂದ್ ಅಂತ ಮುಗಿದರೆ ಕಣ್ಣುಮುಚ್ಚಿ ಹೆಣ್ಣು ಅನ್ನಬಹುದು. ಕನ್ಸ್ಯೋನ್ (ಹಾಡು), ತೆಲೆಬಿಸ್ಯೋನ್ ಕೂಡ ಹಾಗೇ. ಕೊಸ್ತೂಂಬ್ರೆ (ಪದ್ಧತಿ), ಕೂಂಬ್ರೆ (ಶಿಖರ) ಕೂಡ. ಬ್ಯಾಹೆ (ಪ್ರಯಾಣ) ಥರ ಆಹೆ ಅಂತ ಮುಗಿದರೆ ಗಂಡು. ಕೊಲೋರ್, ಅಮೋರ್ ಥರ ಓರ್ ಅಂತ ಮುಗಿದರೂ ಗಂಡು. ಫ್ಲೋರ್ (ಹೂವು), ಲಬೋರ್ (ಕೆಲಸ) ಹೊರತು.

ಇಲ್ಲಿ ಅಳತೆ ಮುಖ್ಯ. ಕನ್ಸ್ಯೋನ್‌ನ ಕೊನೆಯ ಮೂರು ಅಕ್ಷರ ಐ, ಓ, ಎನ್. ಮೂರನ್ನೇ ನೋಡಿದರೆ ಅಬ್ಯೋನ್ (ವಿಮಾನ), ಕಮ್ಯೋನ್ (ಲಾರಿ) ಕೂಡ ಹೆಣ್ಣಾಗಿಬಿಡುತ್ತವೆ. ಅವು ಗಂಡು. ಅದಕ್ಕೆ ನಾಲ್ಕು ಅಕ್ಷರ ನೋಡಬೇಕು: ಮುಂದೆ ಸಿ ಅಥವಾ ಎಸ್ ಇದ್ದರೆ ಮಾತ್ರ ಹೆಣ್ಣು. ರೆಹ್ಯೋನ್ (ಪ್ರದೇಶ), ಉನ್ಯೋನ್ (ಒಕ್ಕೂಟ), ಒಪಿನ್ಯೋನ್ ಹೆಣ್ಣೇ ಆದರೂ ಈ ಜಾಲಕ್ಕೆ ಬೀಳುವುದಿಲ್ಲ. ಅವನ್ನು ಕೈಯಲ್ಲೇ ಹೊರತು ಹಾಳೆಗೆ ಹಾಕಿದೆ. ಫಾರ್ಮುಲಾದಲ್ಲಿ ಉದ್ದ ಬಾಲ ಮೊದಲು, ಒಂದಕ್ಷರದ್ದು ಕೊನೆಗೆ ಬರಬೇಕು. ಇಫ್ ಮೇಲಿಂದ ಓದಿಕೊಂಡು ಬಂದು ಮೊದಲು ಹೊಂದಿದ್ದಕ್ಕೆ ನಿಂತುಬಿಡುತ್ತದೆ.

ಇಷ್ಟಾದರೂ ಎ ಕಾರ ಮತ್ತು ವ್ಯಂಜನದಲ್ಲಿ ಮುಗಿಯುವವು ಹಳದಿಯಾಗೇ ಉಳಿದವು. ಕೋಚೆ (ಕಾರು) ಗಂಡು, ನೋಚೆ ಹೆಣ್ಣು, ಲೇಚೆ (ಹಾಲು) ಹೆಣ್ಣು. ಸೋಲ್ (ಸೂರ್ಯ) ಗಂಡು, ಸಾಲ್ (ಉಪ್ಪು) ಹೆಣ್ಣು. ಲಾಪಿಸ್ (ಪೆನ್ಸಿಲ್) ಗಂಡು, ಲೂಸ್ (ಬೆಳಕು) ಹೆಣ್ಣು. ಇವಕ್ಕೆ ನಿಯಮ ಹುಡುಕಿ ಪ್ರಯೋಜನವಿಲ್ಲ. ಬಾಯಿಪಾಠವೇ ಗತಿ.

ಒಂದೇ ಪದ, ಎರಡು ಉತ್ತರ

ಪದಗಳ ಒಂದು ಪಟ್ಟಿಯನ್ನು ಪಿಡಿಎಫ್‌ನಿಂದ ಕಾಪಿ ಮಾಡಿ ತಂದಿದ್ದೆ. ಅದರಲ್ಲಿದ್ದ ಕನ್ಸ್ಯೋನ್ ಹಳದಿ ಬಂತು. ಅದರ ಕೆಳಗಿನ ಸಾಲಿನಲ್ಲಿ ಅದೇ ಪದವನ್ನು ಕೈಯಲ್ಲಿ ಟೈಪ್ ಮಾಡಿದರೆ ಸರಿಯಾಗಿ ‘ಹೆಂ’ ಬಂತು. ಕಣ್ಣಿಗೆ ಎರಡೂ ಒಂದೇ. ಫಾಂಟ್ ಒಂದೇ, ಒ ಮೇಲೆ ಒತ್ತು ತೋರಿಸುವ ಗೀಟೂ ಅಲ್ಲೇ ಇದೆ.

ಲೆನ್ ಫಂಕ್ಷನ್ ಹಾಕಿ ಉದ್ದ ಅಳೆದಾಗ ಗುಟ್ಟು ಬಯಲಾಯಿತು. ಟೈಪ್ ಮಾಡಿದ್ದಕ್ಕೆ 7, ಪಿಡಿಎಫ್‌ನದಕ್ಕೆ 8. ಕಂಪ್ಯೂಟರಿನಲ್ಲಿ ಪ್ರತಿ ಅಕ್ಷರಕ್ಕೂ ಅಂಕಿ ಕೊಡುವ ಯುನಿಕೋಡ್‌ನಲ್ಲಿ ಗೀಟು ಹೊತ್ತ ಒ ಅಕ್ಷರವನ್ನು ಎರಡು ಥರ ಇಡಬಹುದು: ಗೀಟು ಸೇರಿಸಿ ಒಂದೇ ಅಕ್ಷರವಾಗಿ, ಇಲ್ಲವೇ ಬರೀ ಒ, ಅದರ ಹಿಂದೆ ಬಿಡಿ ಗೀಟು. ಎರಡನೆಯದರಲ್ಲಿ ಕೊನೆಯ ನಾಲ್ಕನ್ನು ಕತ್ತರಿಸಿದರೆ ಐ, ಒ, ಗೀಟು, ಎನ್ ಬರುತ್ತವೆ. ಸಿ ಹೊರಗೇ ಉಳಿಯುತ್ತದೆ. ನಿಯಮ ಹೊಂದುವುದೇ ಇಲ್ಲ. ಕನ್ನಡದಲ್ಲೂ ಈ ಗೋಳು ಇದ್ದದ್ದೇ. ‘ಕೋ’ದ ಓತ್ವವನ್ನು ಒಂದೇ ಚಿಹ್ನೆಯಾಗಿಯೂ ಇಡಬಹುದು, ತುಂಡು ತುಂಡಾಗಿಯೂ ಇಡಬಹುದು.

ಸರಿಮಾಡಲು ಎ ಕಾಲಂನ ಮುಂದೆ ಒಂದು ತೊಳೆಯುವ ಕಾಲಂ ಹಾಕಿದೆ. ಸಬ್‌ಸ್ಟಿಟ್ಯೂಟ್ ಫಂಕ್ಷನ್‌ನಲ್ಲಿ ‘ಒ ಮತ್ತು ಯುನಿಚಾರ್ 769’ (769 ಅಂದರೆ ಬಿಡಿ ಗೀಟಿನ ಯುನಿಕೋಡ್ ಅಂಕಿ) ಎಂಬ ಜೋಡಿಯನ್ನು ಹುಡುಕಿ ಗೀಟು ಸೇರಿದ ಒಂದೇ ಅಕ್ಷರ ಇಡುವುದು. ಐದು ಸ್ವರಕ್ಕೂ ಹೀಗೇ. ಎನ್ ಮೇಲಿನ ಅಲೆಗೆ 771, ಯು ಮೇಲಿನ ಜೋಡಿ ಚುಕ್ಕೆಗೆ 776. ಒಂದರೊಳಗೊಂದು ಏಳು ಸಬ್‌ಸ್ಟಿಟ್ಯೂಟ್. ನೋಡಲು ಚೆಂದವಿಲ್ಲ, ಕೆಲಸ ಮಾಡುತ್ತದೆ. ತುದಿಯಲ್ಲಿ ಅಂಟಿಕೊಂಡು ಬಂದ ಖಾಲಿ ಜಾಗ ತೆಗೆಯಲು ಹೊರಗಡೆ ಒಂದು ಟ್ರಿಮ್.

ನೀರು ಹೆಣ್ಣು, ಆದರೆ ಎಲ್

ಡಿ ಕಾಲಂನಲ್ಲಿ ಲಿಂಗ ಬಂದಮೇಲೆ ಇ ಕಾಲಂ ಸುಲಭ. ಗಂಡಿಗೆ ಎಲ್, ಹೆಣ್ಣಿಗೆ ಲಾ. ಬಹುವಚನಕ್ಕೆ ಲೋಸ್, ಲಾಸ್. ಆಮೇಲೆ ಗುಣವಾಚಕ ಹಾಕಲು ಇ ಕಾಲಂ ನೋಡಿದರೆ ಸಾಕಲ್ಲ ಅನ್ನಿಸಬಹುದು. ಎಲ್ ಇದ್ದರೆ ಒ, ಲಾ ಇದ್ದರೆ ಅ. ಹಾಗೆ ಮಾಡಿದರೆ ನೀರಲ್ಲಿ ಮುಳುಗುವುದು ಖಂಡಿತ.

ನೀರು ಅಂದರೆ ಆಗ್ವ. ಸ್ತ್ರೀಲಿಂಗ. ಆದರೂ ಎಲ್ ಆಗ್ವ ಅನ್ನಬೇಕು. ಒತ್ತು ಬೀಳುವ ‘ಆ’ ಸದ್ದಿನಿಂದ ಶುರುವಾಗುವ ಸ್ತ್ರೀಲಿಂಗ ಪದಕ್ಕೆ ಏಕವಚನದಲ್ಲಿ ತಾಗಿಕೊಂಡು ಲಾ ಬರುವುದಿಲ್ಲ, ಎಲ್ ಬರುತ್ತದೆ. ಆಗಿಲ (ಹದ್ದು), ಆಲ್ಮ (ಆತ್ಮ), ಆಂಬ್ರೆ (ಹಸಿವು), ಆಚ (ಕೊಡಲಿ), ಔಲ (ತರಗತಿ ಕೋಣೆ) ಎಲ್ಲಕ್ಕೂ ಇದೇ. ಕೊನೆಯ ಮೂರರಲ್ಲಿ ಆಂಬ್ರೆ, ಆಚ ಎರಡನ್ನೂ ಎಚ್ ಹಾಕಿ ಬರೆಯುತ್ತಾರೆ. ಆ ಎಚ್‌ಗೆ ಸದ್ದಿಲ್ಲ, ಹಾಗಾಗಿ ಲೆಕ್ಕಕ್ಕಿಲ್ಲ. ಒತ್ತು ಬೇರೆ ಕಡೆ ಇದ್ದರೆ ಮಾಮೂಲಿ ಲಾ: ಲಾ ಅಮೀಗ (ಗೆಳತಿ), ಲಾ ಅಬೇಹ (ಜೇನುನೊಣ). ಆ, ಅ ವ್ಯತ್ಯಾಸವನ್ನು ನಮ್ಮ ಲಿಪಿಯಲ್ಲಿ ಬರೆದರೆ ಎಷ್ಟು ನೀಟಾಗಿ ಕಾಣುತ್ತದೆ ನೋಡಿ.

ಇದು ಗಂಡಿನ ಎಲ್ ಕಡ ತಂದದ್ದಲ್ಲ. ಲ್ಯಾಟಿನ್ನಿನ ಇಲ್ಲಾ ಎಂಬ ಸ್ತ್ರೀಲಿಂಗ ಪದ ಹಳೆ ಸ್ಪ್ಯಾನಿಷಿನಲ್ಲಿ ಎಲಾ ಆಗಿತ್ತು. ಸ್ವರದ ಮುಂದೆ ಅದರ ಬಾಲ ಉದುರಿ ಎಲ್ ಉಳಿಯಿತು, ಉಳಿದ ಕಡೆ ತಲೆ ಉದುರಿ ಲಾ ಉಳಿಯಿತು. ನೋಡಲು ಗಂಡು, ಹುಟ್ಟಿನಿಂದ ಹೆಣ್ಣು. ಅದಕ್ಕೇ ಗುಣವಾಚಕ ಮೋಸ ಹೋಗುವುದಿಲ್ಲ: ಎಲ್ ಆಗ್ವ ಫ್ರೀಯ, ತಣ್ಣೀರು. ಫ್ರೀಯೊ ಅಲ್ಲ. ಬಹುವಚನಕ್ಕೆ ಬಂದರೆ ಲಾಸ್ ಆಗ್ವಸ್. ‘ಈ ನೀರು’ ಅನ್ನಲು ಏಸ್ತ ಆಗ್ವ. ಸ್ಪ್ಯಾನಿಷ್ ಮಾತಾಡುವವರ ಬಾಯಲ್ಲೇ ಏಸ್ತೆ ಆಗ್ವ ಅಂತ ಬರುವುದುಂಟು, ಅಕಾಡೆಮಿ ಒಪ್ಪುವುದಿಲ್ಲ.

ಹಾಗಾಗಿ ಶೀಟ್‌ನಲ್ಲಿ ಗೋಡೆ ಕಟ್ಟಿದೆ. ಗುಣವಾಚಕದ ಫಾರ್ಮುಲಾ ಡಿ ಕಾಲಂ ಮಾತ್ರ ನೋಡಬೇಕು, ಇ ಕಡೆ ತಿರುಗಿಯೂ ನೋಡಬಾರದು. ಎಲ್, ಲಾ ಬರೆಯುವ ಕಾಲಂಗೆ ಮಾತ್ರ ‘ಆ ಪಟ್ಟಿ’ ಅಂತ ಒಂದು ಪುಟ್ಟ ಹಾಳೆ ಕೊಟ್ಟೆ.

ನಕಾಶೆ ಇಲ್ಲಿ ಒಳ್ಳೆ ಕೆಲಸಕ್ಕೆ ಬಂತು. ಮೆಕ್ಸಿಕೋದಲ್ಲಿ ಆಗ್ವಾಸ್‌ಕಾಲಿಯೆಂತೆಸ್ ಅಂತ ದೊಡ್ಡ ಊರಿದೆ, ಬಿಸಿನೀರು ಅಂತ ಅರ್ಥ. ಆದರೆ ಕಲ್ಯೇಂತೆ ಎರಡೂ ಲಿಂಗಕ್ಕೆ ಒಂದೇ ಥರ ಇರುವುದರಿಂದ ನೀರು ಗಂಡೋ ಹೆಣ್ಣೋ ಅಂತ ಆ ಊರು ಬಾಯಿ ಬಿಡುವುದಿಲ್ಲ. ಅರಿಜೋನಾದ ಆಗ್ವಾ ಫ್ರೀಯಾ ಹೇಳಿಬಿಡುತ್ತದೆ. ಮೆಕ್ಸಿಕೋ ಗಡಿಯ ಆಗ್ವಾ ಪ್ರಿಯೆಟಾ ಊರೂ ಹೇಳುತ್ತದೆ. ಪ್ರ್ಯೇತೊ ಅಂದರೆ ಕಪ್ಪು, ಅದು ಪ್ರ್ಯೇತ ಆಗಿದೆ.

ಇದರಿಂದ ನನ್ನ ಬಾಯಿಪಾಠದ ಪದ್ಧತಿಯೇ ಬದಲಾಯಿತು. ಪದವನ್ನು ಎಲ್, ಲಾ ಸೇರಿಸಿ ಕಲಿಯಿರಿ ಅಂತ ಎಲ್ಲರೂ ಹೇಳುತ್ತಾರೆ. ನಾನು ಅದರ ಜೊತೆ ಒ, ಅ ಬದಲಾಗುವ ಒಂದು ಗುಣವಾಚಕವನ್ನೂ ಕಟ್ಟಿ ಕಲಿಯುತ್ತೇನೆ. ಲಾ ನೋಚೆ ಲಾರ್ಗ (ಉದ್ದ ರಾತ್ರಿ), ಎಲ್ ಪ್ವೇಂತೆ ಲಾರ್ಗೊ (ಉದ್ದ ಸೇತುವೆ), ಎಲ್ ಆಗ್ವ ಫ್ರೀಯ, ಲಾ ಮಾನೊ ಫ್ರೀಯ. ಎಲ್ ಒಂದೊಂದು ಸಲ ದಾರಿ ತಪ್ಪಿಸುತ್ತದೆ, ಇಂಥ ಗುಣವಾಚಕ ತಪ್ಪಿಸುವುದಿಲ್ಲ.

ಗುಣವಾಚಕದ ಹಾಳೆ

ಕನ್ನಡದವರಿಗೆ ಇದು ಯಾಕೆ ಕಷ್ಟ ಅಂದರೆ, ನಮ್ಮಲ್ಲಿ ಲಿಂಗ ಬರುವುದು ಅರ್ಥದಿಂದ, ಕಾಣುವುದು ಕ್ರಿಯಾಪದದಲ್ಲಿ. ದೊಡ್ಡ ಹುಡುಗ ಬಂದ, ದೊಡ್ಡ ಹುಡುಗಿ ಬಂದಳು, ದೊಡ್ಡ ಮಳೆ ಬಂತು. ‘ದೊಡ್ಡ’ ಅಲ್ಲಾಡಲಿಲ್ಲ. ಸ್ಪ್ಯಾನಿಷಿನಲ್ಲಿ ತಿರುಗುಮುರುಗು. ಕ್ರಿಯಾಪದಕ್ಕೆ ಲಿಂಗದ ಗೊಡವೆಯೇ ಇಲ್ಲ, ಗುಣವಾಚಕ ಕುಣಿಯುತ್ತದೆ. ಹಿಂದಿಯಲ್ಲಿ ಅಚ್ಛಾ, ಅಚ್ಛೀ ಅಂತ ಒದ್ದಾಡಿದವರಿಗೆ ಈ ನೋವು ಹೊಸದಲ್ಲ. ಹಾಗಂತ ನಮಗೆ ಪೂರ್ತಿ ಅಪರಿಚಿತವೂ ಅಲ್ಲ. ಒಳ್ಳೆಯವನು, ಒಳ್ಳೆಯವಳು, ಒಳ್ಳೆಯದು ಅಂತ ನಾವೂ ಹೇಳುತ್ತೇವಲ್ಲ.

ಹಾಳೆಯಲ್ಲಿ ಪ್ರತಿ ಗುಣವಾಚಕಕ್ಕೆ ಎಷ್ಟು ರೂಪ ಅಂತ ಒಂದು ಅಂಕಿ ಕೊಟ್ಟೆ. 4, 2 ಅಥವಾ 1.

ಒ ಕಾರದಲ್ಲಿ ಮುಗಿದರೆ 4. ರೋಹೊ (ಕೆಂಪು): ರೋಹೊ, ರೋಹ, ರೋಹೊಸ್, ರೋಹಸ್. ಫಾರ್ಮುಲಾ ಕೊನೆಯ ಅಕ್ಷರ ತೆಗೆದು ನಾಲ್ಕು ಬಾಲ ಅಂಟಿಸುತ್ತದೆ. ಕೋಸ್ಟಾ ರಿಕಾ, ಪೋರ್ಟೊ ರಿಕೊ ಪಾಸ್. ಪಾಲೊ ಆಲ್ಟೊ ಪಾಸ್. ಅಲ್ಲಿ ಪಾಲೊ ಅಂದರೆ ಆ ಹೆಸರಿನ ಎತ್ತರದ ರೆಡ್‌ವುಡ್ ಮರ, ಅದು ಇವತ್ತಿಗೂ ನಿಂತಿದೆ.

ಎ ಕಾರ ಅಥವಾ ವ್ಯಂಜನದಲ್ಲಿ ಮುಗಿದರೆ ಸಾಮಾನ್ಯವಾಗಿ 2. ಲಿಂಗಕ್ಕೆ ಬದಲಾಗುವುದಿಲ್ಲ, ವಚನಕ್ಕೆ ಮಾತ್ರ. ಕಾಸಾ ಗ್ರಾಂಡೆಯಲ್ಲೂ ಗ್ರಾಂದೆ, ರಿಯೊ ಗ್ರಾಂಡೆಯಲ್ಲೂ ಗ್ರಾಂದೆ. ಮನೆ ಹೆಣ್ಣು, ನದಿ ಗಂಡು. ಮೇಸಾ ವರ್ಡೆ, ಎಲ್ ಕಮೀನೊ ರಿಯಲ್ ಇದೇ ಗುಂಪು. ಅಸೂಲ್ (ನೀಲಿ) ಹೆಣ್ಣಿಗೂ ಅಸೂಲ್, ಬಹುವಚನಕ್ಕೆ ಅಸೂಲೆಸ್. ಹೊಸಬರ ಬಾಯಲ್ಲಿ ‘ಅಸೂಲ’ ಬಂದೇ ಬರುತ್ತದೆ. ಅಂಥ ಪದ ಇಲ್ಲ.

ಬೀಳುವ ಗುಂಡಿ ಇರುವುದೇ ಇಲ್ಲಿ. ಹೊಂದಾಣಿಕೆ ಅಂದರೆ ಪ್ರಾಸ ಅಲ್ಲ. ಲಾ ಕಾಸ ರೋಹ, ಎಲ್ ಲೀಬ್ರೊ ರೋಹೊ ಅಂತ ಕೇಳಿ ಕೇಳಿ ಬಾಲಕ್ಕೆ ಬಾಲ ಹೊಂದಿಸಿದರೆ ಆಯಿತು ಅಂತ ಕಿವಿ ತೀರ್ಮಾನ ಮಾಡಿಬಿಡುತ್ತದೆ. ಎಲ್ ಪ್ರೊಬ್ಲೇಮ ಸೇರ್ಯೊ (ಗಂಭೀರ ಸಮಸ್ಯೆ) ಕಿವಿಗೆ ಒಡಕು, ವ್ಯಾಕರಣಕ್ಕೆ ಸರಿ. ಬ್ಯೂನಸ್ ಐರಿಸ್ ಅಂದರೆ ಒಳ್ಳೆಯ ಗಾಳಿ. ಆಯ್ರೆ ಎ ಕಾರದ ಗಂಡು, ಗುಣವಾಚಕ ಬ್ವೇನೊಸ್. ಪ್ರಾಸ ಇಲ್ಲವೇ ಇಲ್ಲ. ಸಾಂತಾ ಕ್ರೂಜ್‌ನಲ್ಲಿ ಕ್ರೂಸ್ (ಶಿಲುಬೆ) ವ್ಯಂಜನದ ಹೆಣ್ಣು, ಅದಕ್ಕೆ ಸಾಂತ. ಶೀಟ್ ಹಳದಿ ತೋರಿಸಿದ ಕ್ರೂಸ್ ಹೆಣ್ಣು ಅಂತ ಸಾಂತವೇ ಸಾಕ್ಷಿ ಹೇಳುತ್ತದೆ.

ವ್ಯಂಜನದಲ್ಲಿ ಮುಗಿದರೂ 4 ಆಗುವ ಗುಂಪು ಇನ್ನೊಂದಿದೆ. ದೇಶ, ಊರಿನಿಂದ ಬಂದವು: ಎಸ್ಪಞೋಲ್, ಎಸ್ಪಞೋಲ. ಇಂಗ್ಲೇಸ್, ಇಂಗ್ಲೇಸ. ದೋರ್ ಅಂತ ಮುಗಿಯುವವು: ತ್ರಬಹದೋರ್ (ದುಡಿಮೆಗಾರ), ತ್ರಬಹದೋರ. ಆದರೆ ಮೆಹೋರ್ (ಹೆಚ್ಚು ಒಳ್ಳೆಯ), ಪೆಓರ್ (ಹೆಚ್ಚು ಕೆಟ್ಟ) 2ರಲ್ಲೇ ಇವೆ. ಇಂಗ್ಲೇಸ್ ಬರೆಯುವಾಗ ಗೀಟು ಬೇಕು, ಇಂಗ್ಲೇಸ ಆದರೆ ಗೀಟು ಹೋಗುತ್ತದೆ. ಹೋಬೆನ್ (ಎಳೆಯ) ಬರೆಯುವಾಗ ಗೀಟಿಲ್ಲ, ಹೋಬೆನೆಸ್ ಆದರೆ ಬರುತ್ತದೆ. ಇದಕ್ಕೂ ಫಾರ್ಮುಲಾ ಬರೆಯಬಹುದು. ನಾನು ಬರೆಯಲಿಲ್ಲ. ಇಂಥವು ಕೆಲವೇ ಇವೆ, ನಾಲ್ಕೂ ರೂಪ ಕೈಯಲ್ಲೇ ತುಂಬಿಬಿಟ್ಟೆ. ಎಲ್ಲವನ್ನೂ ಫಾರ್ಮುಲಾಕ್ಕೆ ಒಪ್ಪಿಸುವ ಚಟ ಒಳ್ಳೆಯದಲ್ಲ.

ಒಪ್ತಿಮೀಸ್ತ (ಆಶಾವಾದಿ) ಅ ಕಾರವಾದರೂ 2. ಗಂಡಸಿಗೂ ಒಪ್ತಿಮೀಸ್ತ. 1 ಅಂದರೆ ಕದಲದೇ ಕೂತವು. ‘ತಿಳಿ ನೀಲಿ’ ಥರ ಎರಡು ಪದದ ಬಣ್ಣಗಳು: ಕಮೀಸಸ್ ಅಸೂಲ್ ಕ್ಲಾರೊ, ತಿಳಿ ನೀಲಿ ಶರಟುಗಳು. ನರಾಂಹ (ಕಿತ್ತಳೆ), ರೋಸ (ಗುಲಾಬಿ) ಬಣ್ಣವಾಗಿ ಬಂದಾಗ ಲಿಂಗಕ್ಕೆ ಬದಲಾಗುವುದಿಲ್ಲ. ಬಹುವಚನಕ್ಕೆ ಸ್ ಹಚ್ಚಿದರೂ ಸರಿ, ಬಿಟ್ಟರೂ ಸರಿ.

ಜೋಡಿಸುವ ಫಾರ್ಮುಲಾ ಆಮೇಲೆ ಚಿಕ್ಕದಾಯಿತು. ಡಿ ಕಾಲಂನ ಲಿಂಗ, ಪಕ್ಕದ ವಚನ ಸೇರಿಸಿ ಗಂ1, ಗಂ2, ಹೆಂ1, ಹೆಂ2 ಅಂತ ಕೀಲಿ. ಗುಣವಾಚಕದ ಸಾಲಿನಲ್ಲಿ ಆ ಕೀಲಿಯ ಕಾಲಂ ಹುಡುಕಿ ತರುವುದು. ಗಂಡು ಹೆಣ್ಣು ಒಟ್ಟಿಗೆ ಬಂದರೆ ಗಂ2.

ಬಹುವಚನದ ಬಗ್ಗೆ ಹೇಳುವುದು ಜಾಸ್ತಿ ಇಲ್ಲ. ಸ್ವರಕ್ಕೆ ಸ್, ವ್ಯಂಜನಕ್ಕೆ ಎಸ್, ಕೊನೆಯ ಝೆಡ್ ಇದ್ದರೆ ಬರವಣಿಗೆಯಲ್ಲಿ ಸಿ ಆಗುತ್ತದೆ. ಸಾಂತಾ ಕ್ರೂಜ್‌ನ ಝೆಡ್ ಲಾಸ್ ಕ್ರೂಸಸ್‌ನಲ್ಲಿ ಸಿ ಆಗಿರುವುದನ್ನು ಬೋರ್ಡ್‌ನಲ್ಲೇ ನೋಡಬಹುದು.

ಜನ, ಪ್ರಾಣಿ

ಮನುಷ್ಯರ ವಿಷಯಕ್ಕೆ ಬಂದಾಗ ನಿಘಂಟಿನ ಗುರುತು ಸರಿಯಾಗಿ ಓದಬೇಕು. ಅರ್ತೀಸ್ತ (ಕಲಾವಿದ) ಪಕ್ಕದಲ್ಲಿ ‘ಎಮ್ ಇ ಎಫ್’ ಇದೆ, ಎಮ್ ಮತ್ತು ಎಫ್. ಅಂದರೆ ಆಳು ಯಾರೋ ಅದರ ಮೇಲೆ ಹೋಗುತ್ತದೆ: ಎಲ್ ಅರ್ತೀಸ್ತ, ಲಾ ಅರ್ತೀಸ್ತ. ಮಾರ್ (ಸಮುದ್ರ), ಅಸೂಕರ್ (ಸಕ್ಕರೆ) ಪಕ್ಕದಲ್ಲಿ ‘ಎಮ್ ಒ ಎಫ್’, ಎಮ್ ಅಥವಾ ಎಫ್. ಅಂದರೆ ಅದೇ ವಸ್ತುವಿಗೆ ಎರಡರಲ್ಲಿ ಯಾವುದಾದರೂ ನಡೆಯುತ್ತದೆ. ಮೊದಲ ಬಗೆಗೆ ಶೀಟ್‌ನಲ್ಲಿ ‘ಯಾರು?’ ಅಂತ ಒಂದು ಕಾಲಂ ಸೇರಿಸಬೇಕಾಯಿತು.

ಆದರೆ ಪೆರ್ಸೋನ (ವ್ಯಕ್ತಿ), ಬೀಕ್ತಿಮ (ಬಲಿಯಾದವರು) ಯಾವಾಗಲೂ ಹೆಣ್ಣು. ಮೀಸೆ ಹೊತ್ತ ಗಂಡಸಾದರೂ ಉನ ಪೆರ್ಸೋನ ಬ್ವೇನ, ಒಳ್ಳೆಯ ವ್ಯಕ್ತಿ. ಹಿರಾಫ (ಜಿರಾಫೆ) ಕೂಡ ಹೆಣ್ಣೇ. ಗಂಡು ಜಿರಾಫೆ ಬೇಕಾದರೆ ಲಾ ಹಿರಾಫ ಮಾಚೊ. ಅಲ್ಲಿ ಮಾಚೊ 1ರ ಗುಂಪು, ಬದಲಾಗುವುದಿಲ್ಲ.

ಇನ್ನು ಎಲ್, ಲಾ ಬದಲಾದರೆ ಅರ್ಥವೇ ಬದಲಾಗುವ ಪದಗಳು. ಎಲ್ ಕಪಿತಾಲ್ ಬಂಡವಾಳ, ಲಾ ಕಪಿತಾಲ್ ರಾಜಧಾನಿ. ಎಲ್ ಕೂರ ಪಾದ್ರಿ, ಲಾ ಕೂರ ಮದ್ದು. ಎಲ್ ಪಾಪ ಪೋಪ್, ಲಾ ಪಾಪ ಲ್ಯಾಟಿನ್ ಅಮೆರಿಕದಲ್ಲಿ ಆಲೂಗಡ್ಡೆ. ಇವಕ್ಕೆ ಒಂದೇ ಪದವನ್ನು ಎರಡು ಸಾಲಿನಲ್ಲಿ ಹಾಕಿ ಹಿಂದೆ 1, 2 ಅಂತ ಅಂಕಿ ಹಚ್ಚಿದ್ದೇನೆ. ಇಲ್ಲದಿದ್ದರೆ ವಿಲುಕಪ್ ಮೊದಲು ಸಿಕ್ಕಿದ್ದನ್ನೇ ಹಿಡಿದುಕೊಳ್ಳುತ್ತದೆ, ಆಲೂಗಡ್ಡೆ ಕೇಳಿದರೆ ಪೋಪ್ ಬರುತ್ತಾರೆ.

ಮೊದಲೋ, ಆಮೇಲೋ

ಗುಣವಾಚಕ ಸಾಮಾನ್ಯವಾಗಿ ನಾಮಪದದ ಆಮೇಲೆ ಬರುತ್ತದೆ. ಮೊದಲೇ ಬಂದರೆ ಕೆಲವು ಮೊಟಕಾಗುತ್ತವೆ. ಬ್ವೇನೊ ಪುಲ್ಲಿಂಗ ಏಕವಚನದ ಮುಂದೆ ಬ್ವೇನ್: ಉನ್ ಬ್ವೇನ್ ಲೀಬ್ರೊ. ಹೆಣ್ಣಿಗೆ ಮೊಟಕಾಗುವುದಿಲ್ಲ: ಉನ ಬ್ವೇನ ಕಾಸ. ಸಾಂತೊ ಗಂಡು ಸಂತರ ಮುಂದೆ ಸಾನ್ ಆಗುತ್ತದೆ, ಸ್ಯಾನ್ ಹೋಸೆ, ಸ್ಯಾನ್ ಮಟೆಯೊ ಅದಕ್ಕೇ. ಹೆಸರು ತೊ, ದೊ ಅಂತ ಶುರುವಾದರೆ ಪೂರ್ತಿ ಉಳಿಯುತ್ತದೆ, ಸ್ಯಾಂಟೊ ಡೊಮಿಂಗೊ. ಸಾಂತ ಎಂದೂ ಮೊಟಕಾಗದು. ಗ್ರಾಂದೆ ಮಾತ್ರ ಎರಡೂ ಲಿಂಗಕ್ಕೆ ಗ್ರಾನ್. ಬೀಯ (ದಾರಿ) ಹೆಣ್ಣಾದರೂ ಮ್ಯಾಡ್ರಿಡ್‌ನಲ್ಲಿ ಗ್ರಾನ್ ವೀಯಾ. ಇಂಥ ಐದಾರು ಪದಗಳಿಗೆ ಮೊಟಕು ರೂಪದ ಕಾಲಂ ಸೇರಿಸಿದರೆ ಶೀಟ್ ಸರಿಯಾಗಿ ಹೇಳುತ್ತದೆ.

ಎಲ್ಲಿಡಬೇಕು ಅನ್ನೋದನ್ನು ಮಾತ್ರ ಅದಕ್ಕೆ ಬಿಟ್ಟಿಲ್ಲ. ಉನ್ ಓಂಬ್ರೆ ಗ್ರಾಂದೆ ಅಂದರೆ ದೊಡ್ಡ ಆಳು, ಉನ್ ಗ್ರಾನ್ ಓಂಬ್ರೆ ಅಂದರೆ ದೊಡ್ಡ ಮನುಷ್ಯ. ಉನ್ ಓಂಬ್ರೆ ಪೋಬ್ರೆ ಅಂದರೆ ಕೈಯಲ್ಲಿ ಕಾಸಿಲ್ಲದವನು, ಉನ್ ಪೋಬ್ರೆ ಓಂಬ್ರೆ ಅಂದರೆ ಪಾಪ, ಕರುಣೆ ಬರುವಂಥವನು. ಯಾವುದು ಬೇಕು ಅಂತ ಹೇಳುವವನಿಗೆ ಮಾತ್ರ ಗೊತ್ತು. ಅದಕ್ಕೆ ‘ಮೊದಲು’, ‘ಆಮೇಲೆ’ ಅಂತ ಎರಡೇ ಆಯ್ಕೆಯ ಡ್ರಾಪ್‌ಡೌನ್ ಇಟ್ಟಿದ್ದೇನೆ. ಸುಮ್ನೆ ಬಿಟ್ಟರೆ ‘ಆಮೇಲೆ’. ಬದಲಿಸಬೇಕಾದಾಗ ಕೈಯಲ್ಲೇ ಬದಲಿಸುತ್ತೇನೆ.